ಆರು ನೀಲಿ ಅಂಗಿಗಳು

ಆ ಮನೆಯಲ್ಲಿ ಗುಂಡಿ ಅಜ್ಜಿಯ ಖಾತೆ. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಅಲ್ಲಿ ಅಜ್ಜಿಯ ದೊಡ್ಡ ಮಗಳು ಬಟ್ಟೆ ಕತ್ತರಿಸುತ್ತಾಳೆ, ಹೊಲಿಯುತ್ತಾಳೆ, ಗಿರಾಕಿಗಳ ಹತ್ತಿರ ಜಗಳ ಆಡುತ್ತಾಳೆ. ಬೀದಿಯವರು ಅವಳನ್ನು ಟೈಲರಮ್ಮ ಎನ್ನುತ್ತಾರೆ. ಆದರೆ ಅಜ್ಜಿಯ ಕೈ ದಾಟದೆ ಒಂದು ಅಂಗಿಯೂ ಹೊಸ್ತಿಲು ದಾಟುವ ಹಾಗಿಲ್ಲ. ಅಜ್ಜಿಯ ಎರಡು ಕಣ್ಣಿಗೂ ಪೊರೆ ಬಂದಿದೆ. ಬೆಳಕಿದ್ದರೆ ಬಣ್ಣ ತಿಳಿಯುತ್ತದೆ, ಆಕಾರ ತಿಳಿಯುವುದಿಲ್ಲ. ಆಪರೇಷನ್ ಮಾಡಿಸಿ ಎಂದ ಡಾಕ್ಟರಿಗೆ, "ನೋಡಬೇಕಾದ್ದೆಲ್ಲ ನೋಡಿ ಆಯ್ತು ಬಿಡಿ" ಎಂದು ಎದ್ದು ಬಂದವಳು. ಗುಂಡಿ ಹಾಕುವ ಮುಂಚೆ ಅಂಗಿಯ ಪ್ರತಿ ಹೊಲಿಗೆಯ ಮೇಲೂ ಹೆಬ್ಬೆರಳು ಓಡಿಸುತ್ತಾಳೆ. ಎಲ್ಲಾದರೂ ಒಂದು ಹೊಲಿಗೆ ತಪ್ಪಿದ್ದರೆ ಅಂಗಿ ತಿರುಗಿ ಮೆಷಿನ್ನಿಗೆ ಹೋಗುತ್ತದೆ, ಜೊತೆಗೆ ಎರಡು ಮಾತೂ ಹೋಗುತ್ತವೆ.

ಸೂಜಿಗೆ ದಾರ ಪೋಣಿಸುವುದು ಮಾತ್ರ ಅವಳ ಕೈಲಿ ಆಗದು. ಅದು ಮೊಮ್ಮಗಳ ಕೆಲಸ. ಮೊಮ್ಮಗಳಿಗೆ ಇಪ್ಪತ್ನಾಲ್ಕು ತುಂಬಿದ್ದರೂ ಮನೆಯಲ್ಲಿ ಇನ್ನೂ ಪುಟ್ಟಿ. ಬೆಳಿಗ್ಗೆ ಹಲ್ಲುಜ್ಜಿ ಚಹಾ ಕುಡಿಯುವ ಮುಂಚೆ ಹನ್ನೆರಡು ಸೂಜಿಗೆ ದಾರ ಪೋಣಿಸಿ, ಅಜ್ಜಿಯ ಕುರ್ಚಿಯ ತೋಳಿಗೆ ಸಾಲಾಗಿ ಚುಚ್ಚಿ, ಆಮೇಲೆ ಕೆಲಸಕ್ಕೆ ಓಡುತ್ತಾಳೆ. ಅವಳ ಕೆಲಸ ಸಿನಿಮಾ ಕಂಪನಿಯೊಂದರ ಉಡುಪಿನ ವಿಭಾಗದಲ್ಲಿ. ಎಂಟು ತಿಂಗಳಿಂದ ತಾತ್ಕಾಲಿಕ. ಈಗಿನ ಚಿತ್ರ ಮುಗಿದ ಮೇಲೆ ಖಾಯಂ ಮಾಡುತ್ತೇನೆ ಎಂದು ಉಡುಪಿನ ಮೇಡಂ ಮಾತು ಕೊಟ್ಟಿದ್ದಳು.

ಒಂದು ಸೋಮವಾರ ಪುಟ್ಟಿ ಬೇಗ ಬಂದಳು. ಬಂದವಳೇ ಕತ್ತರಿಸುವ ಮೇಜಿನ ಮೇಲೆ ಒಂದು ಕಾಗದ ಇಟ್ಟಳು.

"ಆರು ಅಂಗಿ ಅಮ್ಮ. ಎಲ್ಲಾ ಒಂದೇ ತರ. ಮೂರು ವಾರ ಟೈಮಿದೆ."

"ಒಂದೇ ತರ ಆರು ಯಾಕೆ? ಆರು ಜನ ಅವಳಿ ಮಕ್ಕಳಾ?"

"ಒಬ್ಬಳಿಗೇ. ಶೂಟಿಂಗಲ್ಲಿ ಒದ್ದೆ ಆಗುತ್ತೆ, ಕೊಳೆ ಆಗುತ್ತೆ, ಬದಲಾಯಿಸ್ತಾ ಇರಬೇಕು."

ಟೈಲರಮ್ಮ ಕನ್ನಡಕ ಏರಿಸಿ ಕಾಗದ ತೆಗೆದುಕೊಂಡಳು. "ನಾಲ್ಕನೆಯವಳು. ನೀಲಿ ಅಂಗಿ. ಮೊಣಕಾಲು ಮುಚ್ಚಬೇಕು, ಬಿಳಿ ಕಾಲರ್, ಏಳು ಗುಂಡಿ. ಆರು ಪ್ರತಿ" ಎಂದು ಬರೆದಿತ್ತು. ಕೆಳಗೆ ಒಂದು ಫೋಟೋದ ಜೆರಾಕ್ಸ್. ಅಂಗಿಯನ್ನು ಮೇಜಿನ ಮೇಲೆ ಹರಡಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಫೋಟೋ. ಅಂಗಿಯೊಳಗೆ ಯಾರೂ ಇಲ್ಲ.

ಅವಳು ಕಾಲರ್ ನೋಡಿದಳು. ಬಲಗಡೆಯ ತುದಿ ಚೂಪಾಗಿತ್ತು, ಎಡಗಡೆಯದು ದುಂಡಗೆ.

ಕೆಲಸ ಕಲಿತ ಹೊಸತರಲ್ಲಿ ಅವಳು ಕಾಲರ್ ಕತ್ತರಿಸಲು ಅಳತೆಗೆ ಇಡುತ್ತಿದ್ದ ರಟ್ಟನ್ನು ಇಲಿ ಕಚ್ಚಿತ್ತು. ಕಚ್ಚಿದ ಮೂಲೆಯನ್ನು ಕತ್ತರಿಯಲ್ಲಿ ದುಂಡಗೆ ಸವರಿ, ಮನೆಯವರ ಬಟ್ಟೆಗೆ ಇಷ್ಟು ಸಾಕು ಎಂದು ಇಟ್ಟುಕೊಂಡಿದ್ದಳು. ಗಿರಾಕಿಗಳಿಗೆ ಬೇರೆ ರಟ್ಟು. ಆ ಇಲಿ ಕಚ್ಚಿದ ಕಾಲರನ್ನು ಈ ಪ್ರಪಂಚದಲ್ಲಿ ಇಬ್ಬರೇ ತೊಟ್ಟದ್ದು, ಅವಳು ಮತ್ತು ಅವಳ ತಂಗಿ.

"ಈ ಕಾಲರ್ ನಂದು," ಎಂದಳು.

"ಗೊತ್ತು."

"ಗೊತ್ತಿದ್ದೂ ತಂದ್ಯಾ?"

"ಮೆತ್ತಗೆ ಅಮ್ಮ. ಅಜ್ಜಿಗೆ ಕೇಳುತ್ತೆ."

ತಂಗಿ ಹೋಗಿ ಇಪ್ಪತ್ತಾರು ವರ್ಷವಾಗಿತ್ತು. ಹತ್ತೊಂಬತ್ತರ ಹುಡುಗಿ, ಔಷಧಿ ಅಂಗಡಿಯಲ್ಲಿ ಕೆಲಸ. ಒಂದು ಸಂಜೆ ಅಂಗಡಿ ಮುಚ್ಚಿ ಹೊರಟವಳು ಮನೆಗೆ ಬರಲಿಲ್ಲ. ಅದೇ ಪೇಟೆಯ ವಾಚ್ ರಿಪೇರಿಯವನು ಮೂರು ವರ್ಷದಲ್ಲಿ ಏಳು ಹೆಂಗಸರ ಕತ್ತು ಹಿಸುಕಿದ್ದ; ಅವರಲ್ಲಿ ಇವಳು ನಾಲ್ಕನೆಯವಳು. ಅವನು ಸಿಕ್ಕಿಬಿದ್ದ, ಕೋರ್ಟಿನಲ್ಲಿ ನಗುತ್ತಾ ನಿಂತ, ಜೈಲಿನಲ್ಲಿ ಜ್ವರ ಬಂದು ಸತ್ತ. ಅವನ ಮೇಲೆ ಎರಡು ಪುಸ್ತಕ ಬಂದವು. ಅವನ ತಾಯಿ ಅವನಿಗೆ ಹೊಡೆಯುತ್ತಿದ್ದಳೇ, ಅವನು ಯಾಕೆ ಮದುವೆಯಾಗಲಿಲ್ಲ, ಅವನ ಕೈಬರಹ ಹೇಗಿತ್ತು ಎಂದೆಲ್ಲ ಓದಿದ ಜನ ತಲೆದೂಗಿದರು. ಈ ಮನೆಯಲ್ಲಿ ಮಾತ್ರ ಅವನನ್ನು 'ಅವನು' ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಈಗ ಅವನ ಮೇಲೆ ಸಿನಿಮಾ.

"ನಮ್ಮನ್ನ ಒಂದು ಮಾತು ಕೇಳಬೇಡ್ವಾ ಅವರು?"

"ಎಲ್ಲಾ ಕೋರ್ಟ್ ದಾಖಲೆಯಿಂದ ತಗೊಂಡಿದ್ದಾರೆ. ಕೇಳಬೇಕಾಗಿಲ್ಲ ಅಂದ್ರಂತೆ ವಕೀಲರು. ನಾನು ಈ ಮನೆಯವಳು ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ."

"ಹೇಳು ಮತ್ತೆ."

"ಹೇಳಿದ್ರೆ ಈ ಚಿತ್ರದಿಂದ ತೆಗೀತಾರೆ. ಆಮೇಲೆ ಖಾಯಂ ಎಲ್ಲಿಂದ? ನಾವು ಹೊಲಿಯದಿದ್ರೆ ಬೇರೆ ಯಾರೋ ಹೊಲೀತಾರೆ ಅಮ್ಮ. ಸಿನಿಮಾ ನಿಲ್ಲುತ್ತಾ?"

ಟೈಲರಮ್ಮ ಹೊರಗೆ ಹೋಗಿ ಒಣಗಿದ ಬಟ್ಟೆ ತಂದಳು, ಮಡಿಸಿದಳು, ಬೇಳೆ ಬೇಯಲು ಇಟ್ಟಳು. ಊಟಕ್ಕೆ ತಟ್ಟೆ ಹಾಕುವಾಗ ಮಗಳ ಕಿವಿಯ ಹತ್ತಿರ ಹೇಳಿದಳು: "ಆ ಕಾಲರನ್ನ ಬೇರೆಯವರ ಕೈಗೆ ಕೊಡಲ್ಲ. ನಾನೇ ಹೊಲೀತೀನಿ. ಗುಂಡಿನೂ ನಾನೇ ಹಾಕ್ತೀನಿ. ಅಜ್ಜಿ ಕೈಗೆ ಹೋಗಬಾರದು."

ಅದೊಂದು ದಡ್ಡ ಉಪಾಯ. ಗುಂಡಿ ಖಾತೆಯವರಿಂದ ಗುಂಡಿ ಮುಚ್ಚಿಡುವುದು ಬೆಕ್ಕಿನಿಂದ ಹಾಲು ಮುಚ್ಚಿಟ್ಟ ಹಾಗೆ.

ಆ ವಾರದ ಕೊನೆಗೆ ನಾಲ್ಕನೆಯವಳ ಪಾತ್ರದ ಹುಡುಗಿ ಅಳತೆ ಕೊಡಲು ಬಂದಳು. ಟೈಲರಮ್ಮ ಮುಖ ಗಂಟಿಕ್ಕಿಕೊಂಡೇ ಟೇಪು ಹಿಡಿದಳು. ಆದರೆ ಹುಡುಗಿ ಒಳ್ಳೆಯವಳಾಗಿದ್ದಳು, ಅದೇ ತೊಂದರೆ. ಚಪ್ಪಲಿ ಹೊರಗೆ ಬಿಟ್ಟು ಬಂದಳು, ಕೊಟ್ಟ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿಂದಳು, ಇನ್ನೆರಡು ಕೇಳಿ ತಿಂದಳು.

"ನಂದು ಎರಡೇ ದಿನದ ಕೆಲಸ ಆಂಟಿ. ಮೂರು ಮಾತು, ಒಂದು ಕೂಗು. ಆಮೇಲೆ ಸಾಯೋದು."

"ಕೈ ಎತ್ತಮ್ಮ."

"ಹೀರೋ ಮಾತ್ರ ಮೂರು ತಿಂಗಳು ವಾಚ್ ರಿಪೇರಿ ಕಲಿತಿದ್ದಾರೆ. ನಿಜವಾಗ್ಲೂ ರಿಪೇರಿ ಮಾಡ್ತಾರೆ, ನನ್ನ ವಾಚೂ ಮಾಡಿಕೊಟ್ರು. ಅವರಿಗೆ ಚಿಕ್ಕಂದಿನ ಸೀನಿದೆ, ಮಳೇಲಿ ಅಳೋ ಸೀನಿದೆ. ನಂಗೆ ಒಂದು ಊಟ ಮಾಡೋ ಸೀನೂ ಇಲ್ಲ."

"ಹೀರೋ ಅಂದ್ರೆ ಯಾರು? ಪೊಲೀಸಾ?"

"ಅಲ್ಲ ಆಂಟಿ. ಕೊಲೆಗಾರ."

ಟೈಲರಮ್ಮ ಭುಜದ ಅಳತೆಯನ್ನು ಎರಡು ಸಲ ತೆಗೆದಳು. ತಂಗಿಗಿಂತ ಒಂದು ಇಂಚು ಜಾಸ್ತಿ. ಬರೆದುಕೊಂಡಳು.

ಒಳಗಿನ ಕೋಣೆಯಿಂದ ಅಜ್ಜಿ ಕೂಗಿದಳು. "ಯಾರೇ ಅದು, ಹುಡುಗಿ ದನಿ?"

"ಗಿರಾಕಿ ಅಮ್ಮ."

"ಒಳಗೆ ಬಂದು ಮಾತಾಡ್ಸೋಕೆ ಹೇಳು. ಗಿರಾಕಿ ಅಂದ್ರೆ ಮೆಷಿನ್ನಿನ ಜೊತೆ ಮಾತ್ರನಾ ವ್ಯವಹಾರ?"

ಹುಡುಗಿ ಒಳಗೆ ಹೋಗಲು ಹೊರಟೇಬಿಟ್ಟಳು. ಟೈಲರಮ್ಮ ಅವಳ ತೋಳು ಹಿಡಿದು, ಹೊತ್ತಾಯಿತು ಎಂದು ಸುಳ್ಳು ಹೇಳಿ ಕಳಿಸಿದಳು.

ಎರಡನೇ ವಾರದ ನಡುವೆ ಗುಟ್ಟು ರಟ್ಟಾಯಿತು. ರಟ್ಟು ಮಾಡಿದವನು ಅಳಿಯ, ಟೈಲರಮ್ಮನ ಗಂಡ. ಶಾಲೆಯ ವ್ಯಾನ್ ಓಡಿಸುವ ಮನುಷ್ಯ. ಮದುವೆಯಾದ ಲಾಗಾಯ್ತು ಅತ್ತೆಯ ಮನೆಯಲ್ಲೇ ಇದ್ದಾನೆ. ಮನೆ ಅಳಿಯ ಎಂಬ ಕುಹಕಕ್ಕೆ ಅವನ ಬಳಿ ಸಿದ್ಧ ಉತ್ತರವಿತ್ತು: ವ್ಯಾನಿಗೂ ಶೆಡ್ ಬೇಕು, ಡ್ರೈವರಿಗೂ ಬೇಕು. ಮಧ್ಯಾಹ್ನ ಅವನು ಮನೆಗೆ ಬಂದಾಗ ಟೈಲರಮ್ಮ ನೂಲು ತರಲು ಪೇಟೆಗೆ ಹೋಗಿದ್ದಳು.

"ಅಳಿಯಂದಿರೇ," ಎಂದಳು ಅಜ್ಜಿ, "ನಾಲ್ಕೈದು ದಿನದಿಂದ ಮೆಷಿನ್ ಓಡ್ತಾ ಇದೆ, ಗುಂಡಿ ಮಾತ್ರ ಬರ್ತಿಲ್ಲ. ಊರಲ್ಲಿ ಎಲ್ಲರೂ ಅಂಗಿ ತೆರೆದುಕೊಂಡೇ ಓಡಾಡ್ತಿದ್ದಾರಾ?"

"ಇಲ್ಲೇ ಮಡಿಸಿಟ್ಟಿದ್ದಾಳಲ್ಲ ಅತ್ತೆ, ನೀಲಿದು," ಎಂದು ಅವನು ಮೇಲಿನ ಅಂಗಿ ಎತ್ತಿ ಅಜ್ಜಿಯ ಮಡಿಲಿಗೆ ಹಾಕಿ, ಚಹಾ ಕಾಯಿಸಲು ಅಡುಗೆಮನೆಗೆ ಹೋದ. ಆ ಮನೆಯಲ್ಲಿ ಇಬ್ಬರು ಹೆಂಗಸರು ಏನನ್ನಾದರೂ ಮುಚ್ಚಿಟ್ಟರೆ ಮೂರನೆಯವನಿಗೆ ಹೇಳುವುದು ಯಾರಿಗೂ ನೆನಪಾಗುತ್ತಿರಲಿಲ್ಲ.

ಟೈಲರಮ್ಮ ಬಂದಾಗ ಅಜ್ಜಿ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹೆಬ್ಬೆರಳು ಕಾಲರಿನ ಎಡತುದಿಯ ಮೇಲಿತ್ತು. ಅತ್ತಿರಲಿಲ್ಲ.

"ಇದನ್ನ ಯಾರು ಹೊಲಿಸ್ತಿದ್ದಾರೆ?"

ಟೈಲರಮ್ಮ ಕೈಚೀಲ ಕೆಳಗಿಟ್ಟಳು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಎಲ್ಲ ಹೇಳಿದಳು.

ಅಂದು ಊಟಕ್ಕೆ ಅನ್ನ, ಬೇಳೆ, ಬೇಯಿಸಿದ ಆಲೂಗಡ್ಡೆ. ನಾಲ್ವರೂ ಕೂತರು. ಅಜ್ಜಿ ಅನ್ನಕ್ಕೆ ಕೈ ಹಾಕಲಿಲ್ಲ.

"ಪುಟ್ಟಿ, ಒಬ್ಬಳಿಗೆ ಆರು ಯಾಕೆ?"

"ಒಂದು ನಡೆಯೋ ಸೀನಿಗೆ. ಎರಡು ಮಳೆಗೆ." ಪುಟ್ಟಿ ತಟ್ಟೆ ನೋಡುತ್ತಾ ಹೇಳಿದಳು. "ಇನ್ನು ಮೂರು ಹರಿಯೋಕೆ."

"ಹರಿಯೋಕೆ ಅಂದ್ರೆ?"

"ಅವನು ಭುಜ ಹಿಡಿದು ಎಳೀತಾನೆ. ಹರಿಯುತ್ತೆ. ಸುಲಭವಾಗಿ ಹರೀಲಿ ಅಂತ ಅಲ್ಲಿ ಕಚ್ಚಾ ಹೊಲಿಗೆ ಹಾಕಿ ಅಂದಿದ್ದಾರೆ. ಮೊದಲ ಸಲ ಸರಿಯಾಗಿ ಬರದಿದ್ರೆ ಅಂತ ಮೂರು."

"ಅದು ಹರಿದಿರಲಿಲ್ಲ."

ಅಜ್ಜಿ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಹರಿದಿರಲಿಲ್ಲ ಕಣೇ. ಒಂದು ಹೊಲಿಗೆ ಬಿಟ್ಟಿರಲಿಲ್ಲ. ಏಳಕ್ಕೆ ಏಳು ಗುಂಡಿ ಇದ್ವು."

ಅಳಿಯ ವಾತಾವರಣ ತಿಳಿ ಮಾಡಲು ಹೋದ. "ಸಿನಿಮಾ ಅಂದ್ಮೇಲೆ ಸ್ವಲ್ಪ ಉಪ್ಪು ಖಾರ ಹಾಕ್ತಾರೆ ಅತ್ತೆ."

"ಉಪ್ಪು ಖಾರ ಹಾಕೋಕೆ ನನ್ನ ಮಗಳೇನು ಸಪ್ಪೆ ಅಡುಗೆನಾ?"

ಅವನು ತಲೆ ತಗ್ಗಿಸಿ ಆಲೂಗಡ್ಡೆ ಕಡೆ ಗಮನ ಕೊಟ್ಟ.

ಪುಟ್ಟಿಗೆ ಆ ಅಂಗಿಯ ಕಥೆ ಅರ್ಧ ಗೊತ್ತಿತ್ತು. ಉಳಿದರ್ಧವನ್ನು ಅಂದು ಟೈಲರಮ್ಮ ಹೇಳಿದಳು. ಚಿಕ್ಕವಳು ಸತ್ತ ಮೇಲೆ ಬೀದಿಯ ಬಾಯಿಗೆ ಬೀಗವಿರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮೈಮೇಲೆ ಬಟ್ಟೆ ಇರಲಿಲ್ಲವಂತೆ, ಅವಳಿಗೂ ಅವನಿಗೂ ಮೊದಲೇ ಪರಿಚಯವಂತೆ, ಇನ್ನೂ ಏನೇನೋ ಅಂತೆ. ನಲ್ಲಿಯ ಹತ್ತಿರ, ಬ್ರೆಡ್ಡಿನ ಅಂಗಡಿಯ ಹತ್ತಿರ ಇವರು ಹೋದರೆ ಮಾತು ನಿಲ್ಲುತ್ತಿತ್ತು, ದಾಟಿದರೆ ಶುರುವಾಗುತ್ತಿತ್ತು. ತಾತ ಅಂಗಡಿಯ ಬಾಗಿಲು ಹಾಕಿ ಮಲಗಿದವರು ಏಳಲಿಲ್ಲ. ಅವನು ಸಿಕ್ಕಿಬಿದ್ದು ಒಂದು ವರ್ಷದ ಮೇಲೆ ಕೇಸು ಮುಗಿದು, ಕಂದು ಕಾಗದದಲ್ಲಿ ಸುತ್ತಿದ ಅಂಗಿ ಮನೆಗೆ ಬಂತು. ಅಜ್ಜಿ ಅದನ್ನು ಒಗೆದಳು. ಹಿತ್ತಲ ಹಗ್ಗಕ್ಕೆ ಹಾಕಲಿಲ್ಲ. ಮುಂಬಾಗಿಲ ಎದುರು, ಬೀದಿಗೆ ಕಾಣುವಂತೆ ಹೊಸ ಹಗ್ಗ ಕಟ್ಟಿ ಹಾಕಿದಳು. ಮೂರು ದಿನ ಅದು ಅಲ್ಲೇ ಇತ್ತು. ಮೂರು ದಿನವೂ ಅವಳು ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಳು. ಯಾರಿಗೂ ಏನೂ ಹೇಳಲಿಲ್ಲ. ನಾಲ್ಕನೇ ದಿನದಿಂದ ಬೀದಿ ಆ ಮಾತು ಬಿಟ್ಟಿತು.

ಪುಟ್ಟಿ ಕೇಳಿಯೇಬಿಟ್ಟಳು. "ಅಜ್ಜಿ, ಒಂದು ವೇಳೆ ಹರಿದಿದ್ರೆ? ಆಗಲೂ ಚಿಕ್ಕಮ್ಮನ ತಪ್ಪೇನಿರ್ತಿತ್ತು?"

"ಏನೂ ಇರ್ತಿರಲಿಲ್ಲ. ಹರಿದಿದ್ರೆ ಹರಿದದ್ದನ್ನೇ ಹಗ್ಗಕ್ಕೆ ಹಾಕ್ತಿದ್ದೆ," ಎಂದಳು ಅಜ್ಜಿ. "ಆದ್ರೆ ಆಗದೇ ಇದ್ದದ್ದನ್ನ ಆಯ್ತು ಅಂತ ಯಾಕೆ ತೋರಿಸಬೇಕು? ಅವಳಿಗೆ ಆದದ್ದು ಸಾಲದಾ?"

ಮರುದಿನ ಪುಟ್ಟಿ ಹೆದರುತ್ತಲೇ ಮೇಡಂ ಹತ್ತಿರ ಹೋದಳು. ತಾನು ಯಾರೆಂದು ಹೇಳಲಿಲ್ಲ. ದಾಖಲೆಯಲ್ಲಿ ಅಂಗಿ ಹರಿದ ಮಾತೇ ಇಲ್ಲವಲ್ಲ ಎಂದಷ್ಟೇ ಹೇಳಿದಳು. ಮೇಡಂ ಕೆಟ್ಟವಳಲ್ಲ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ನಿರ್ದೇಶಕರನ್ನು ಕೇಳಿ ಬಂದಳು.

"ಸುಮ್ಮನೆ ಕತ್ತು ಹಿಸುಕಿದ್ರೆ ಪರದೆ ಮೇಲೆ ಏನೂ ಕಾಣಲ್ಲವಂತೆ," ಎಂದು ಪುಟ್ಟಿ ಮನೆಗೆ ಬಂದು ವರದಿ ಒಪ್ಪಿಸಿದಳು. "ಬಟ್ಟೆ ಹರಿದ್ರೆ ಸದ್ದು ಬರುತ್ತೆ, ಜನ ಬೆಚ್ಚಿ ಬೀಳ್ತಾರೆ ಅಂದ್ರಂತೆ."

ಅಜ್ಜಿ ಕೈ ಚಾಚಿದಳು. "ಆಯ್ತು. ತಂದ್ಕೊಡಿ, ಗುಂಡಿ ನಾನೇ ಹಾಕ್ತೀನಿ."

"ಬೇಡ ಅಮ್ಮ."

"ನನ್ನ ಮಗಳ ಅಂಗಿಗೆ ಗುಂಡಿ ನಾನೇ ಹಾಕಿದ್ದು ಆಗಲೂ. ಈಗಲೂ ನಾನೇ ಹಾಕ್ತೀನಿ. ಪುಟ್ಟಿ, ನಾಳೆ ಹನ್ನೆರಡು ಸೂಜಿ ಸಾಲದು. ಇಪ್ಪತ್ತಕ್ಕೆ ಪೋಣಿಸು. ಜೋಡಿ ದಾರ. ಮೇಣ ಹಚ್ಚಿರು."

ಬೆಳಿಗ್ಗೆ ಪೋಣಿಸುವಾಗ, ಗುಂಡಿಗೆ ಜೋಡಿ ದಾರ ಸರಿ, ಮೇಣ ಯಾಕೆ ಎಂದು ಪುಟ್ಟಿ ಕೇಳಲಿಲ್ಲ. ಬಸ್ಸಿನ ಹೊತ್ತಾಗಿತ್ತು.

ನಾಲ್ಕು ದಿನ ಅಜ್ಜಿ ಕಿಟಕಿ ಪಕ್ಕ ಕೂತು ಕೆಲಸ ಮಾಡಿದಳು. ಗುಂಡಿಗಳು ಎರಡೇ ದಿನದಲ್ಲಿ ಮುಗಿದಿದ್ದವು. ಐದನೇ ದಿನ ಟೈಲರಮ್ಮ ಇಸ್ತ್ರಿಗೆ ಕೂತಳು. ಮೊದಲ ಮೂರು ಸಲೀಸಾಗಿ ಮುಗಿದವು. ನಾಲ್ಕನೆಯದರ ಎಡಭುಜದ ಮೇಲೆ ಇಸ್ತ್ರಿಪೆಟ್ಟಿಗೆ ಸಣ್ಣಗೆ ಎಡವಿತು. ಅವಳು ಅಂಗಿಯನ್ನು ಒಳಮೈ ಹೊರಗೆ ತಿರುಗಿಸಿದಳು. ತಾನು ಹಾಕಿದ ಕಚ್ಚಾ ಹೊಲಿಗೆ ಹಾಗೇ ಇತ್ತು, ಉದ್ದುದ್ದ, ಸಡಿಲ. ಅದರ ಪಕ್ಕದಲ್ಲೇ, ಕೂದಲೆಳೆ ಬಿಟ್ಟು, ಇರುವೆ ಸಾಲಿನಂತೆ ಇನ್ನೊಂದು ಹೊಲಿಗೆ. ಕೈಯದು. ಪ್ರತಿ ಹೊಲಿಗೆಯೂ ಅರ್ಧ ಹಿಂದೆ ಹೋಗಿ ಮುಂದೆ ಬಂದಿತ್ತು. ಕೊನೆಯಲ್ಲಿ ಎರಡು ಗಂಟು. ಅಂಥ ಹೊಲಿಗೆಯಲ್ಲಿ ಗೋಣಿಚೀಲ ಹೊಲಿದು ಕಲ್ಲು ತುಂಬಬಹುದು.

ಐದನೆಯದನ್ನು ನೋಡಿದಳು. ಆರನೆಯದನ್ನೂ ನೋಡಿದಳು.

ಅಜ್ಜಿ ಕುರ್ಚಿಯಲ್ಲಿ ತೂಕಡಿಸುವಂತೆ ಕಣ್ಣು ಮುಚ್ಚಿದ್ದಳು. ತೂಕಡಿಕೆ ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಟೈಲರಮ್ಮನಿಗೆ ಮಗಳ ಖಾಯಂ ಕೆಲಸ ನೆನಪಾಯಿತು. ಹೊಲಿಗೆ ಬಿಚ್ಚುವ ಕೊಕ್ಕೆ ಕೈಗೆಟಕುವ ಹಾಗೇ ಇತ್ತು. ಅದನ್ನು ಎತ್ತಿಕೊಂಡಳು, ಸ್ವಲ್ಪ ಹೊತ್ತು ಹಿಡಿದಿದ್ದು ಡ್ರಾಯರಿನೊಳಗೆ ಹಾಕಿದಳು. ಆರೂ ಅಂಗಿಗಳನ್ನು ಇಸ್ತ್ರಿ ಮಾಡಿ, ಮಡಿಸಿ, ಕಾಗದದಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟಳು. ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಇದಕ್ಕೆ ಅವಳನ್ನು ನಾನು ಮೆಚ್ಚಲಾರೆ, ಆದರೆ ಬೈಯಲೂ ಬಾಯಿ ಬರುವುದಿಲ್ಲ.

ಮೂರನೇ ವಾರದ ಗುರುವಾರ ಶೂಟಿಂಗ್. ಹಳೆ ಪೇಟೆಯ ಒಂದು ಓಣಿಯಲ್ಲಿ ಪೈಪಿನಿಂದ ಮಳೆ ಬರಿಸಿದ್ದರು. ಪುಟ್ಟಿ ಅಂಗಿಗಳ ಪೆಟ್ಟಿಗೆ ಹಿಡಿದು ಗೋಡೆ ಬದಿಗೆ ನಿಂತಿದ್ದಳು. ನಟ ಹುಡುಗಿಯ ಭುಜ ಹಿಡಿದು ಎಳೆದ. ಅಂಗಿ ಹರಿಯಲಿಲ್ಲ, ಅಂಗಿಯ ಜೊತೆ ಹುಡುಗಿಯೂ ಬಂದು ಅವನ ಎದೆಗೆ ಢಿಕ್ಕಿ ಹೊಡೆದಳು. ಯಾರೋ ನಕ್ಕರು.

ಎರಡನೇ ಅಂಗಿ ತೊಡಿಸಿದರು. ಅದೂ ಹರಿಯಲಿಲ್ಲ.

ಮೂರನೆಯದಕ್ಕೆ ನಟ ಎರಡೂ ಕೈ ಹಾಕಿದ. ಹುಡುಗಿ "ಅಮ್ಮಾ" ಎಂದಳು. ಅದು ನಟನೆಯ ಕೂಗಾಗಿರಲಿಲ್ಲ. ಅವಳ ಭುಜದ ಮೇಲೆ ಕೆಂಪು ಬರೆ ಎದ್ದಿತ್ತು, ಹೊಲಿಗೆ ಮಾತ್ರ ಜಗ್ಗಿರಲಿಲ್ಲ. ನಟ ಗಾಬರಿಯಾಗಿ ಕೈ ಬಿಟ್ಟು ಕ್ಷಮೆ ಕೇಳಿದ.

"ಏನಿದು?" ಮೇಡಂ ಪುಟ್ಟಿಯ ಮೇಲೆ ಹಾರಿದಳು. "ಕಚ್ಚಾ ಹೊಲಿಗೆ ಅಂತ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿರಲಿಲ್ವಾ?"

ಪುಟ್ಟಿ ಹುಡುಗಿಯ ಭುಜದ ಬಳಿ ಬಟ್ಟೆ ಮಗುಚಿ ನೋಡಿದಳು. ಮೇಣ ಹಚ್ಚಿದ ಜೋಡಿ ದಾರ. ತಾನೇ ಪೋಣಿಸಿಕೊಟ್ಟದ್ದು.

"ಬಿಚ್ಚು ಬೇಗ. ಬೆಳಕು ಹೋಗ್ತಿದೆ."

ಏಪ್ರನ್ನಿನ ಜೇಬಿನಲ್ಲಿ ಕೊಕ್ಕೆಯಿತ್ತು. ಎರಡು ನಿಮಿಷದ ಕೆಲಸ. ಬಿಚ್ಚಿದರೆ ಚಿತ್ರ ಮುಗಿದ ಮೇಲೆ ಖಾಯಂ. ಪುಟ್ಟಿಯ ಬೆರಳು ಆ ಎರಡು ಗಂಟಿನ ಮೇಲಿತ್ತು. ಆ ಕಣ್ಣಿಟ್ಟುಕೊಂಡು ಅಜ್ಜಿ ಇಷ್ಟು ನೇರವಾಗಿ ಹೇಗೆ ಹೊಲಿದಳೋ ಎಂದುಕೊಂಡು ಹೊಲಿಗೆಯ ಉದ್ದಕ್ಕೂ ಬೆರಳು ಓಡಿಸಿದಳು.

"ಬಿಚ್ಚಲ್ಲ ಮೇಡಂ."

"ಏನಂದೆ?"

"ಇದು ನಮ್ಮ ಚಿಕ್ಕಮ್ಮನ ಅಂಗಿ. ಹರಿದಿರಲಿಲ್ಲ. ನೀವು ಕೊಟ್ಟ ದಾಖಲೆಯಲ್ಲೇ ಇದೆ, ಮೂವತ್ತೊಂದನೇ ಪುಟ. 'ಬಟ್ಟೆಗೆ ಹಾನಿಯಾಗಿಲ್ಲ' ಅಂತ."

ಮಳೆಯ ಪೈಪು ನಿಲ್ಲಿಸಿದರು. ನಿರ್ದೇಶಕರು ಬಂದರು, ವಿಷಯ ತಿಳಿದು ಟೋಪಿ ತೆಗೆದರು. "ಗೊತ್ತಿರಲಿಲ್ಲಮ್ಮ. ತುಂಬಾ ಬೇಜಾರಾಗುತ್ತೆ," ಎಂದರು. ಬೇಜಾರು ನಿಜವಾದದ್ದೇ ಇತ್ತು. ಆಮೇಲೆ ಟೋಪಿ ಹಾಕಿಕೊಂಡರು. "ಆದ್ರೆ ನಾವು ತೆಗೀತಿರೋದು ಸಿನಿಮಾ. ನೋಡೋರಿಗೆ ಭಯ ಆಗಬೇಕಲ್ವಾ?"

"ಸತ್ತದ್ದು ಸಾಲಲ್ವಾ ಸರ್, ಭಯಕ್ಕೆ?"

ಆ ದಿನದ ಶೂಟಿಂಗ್ ಅಲ್ಲಿಗೇ ಮುಗಿಯಿತು. ನಾಳೆಯಿಂದ ಬರುವುದು ಬೇಡ ಎಂದಳು ಮೇಡಂ. ಅದನ್ನೂ ಮೆತ್ತಗೇ ಹೇಳಿದಳು.

ಪುಟ್ಟಿ ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಹೇಳಿದಳು. "ಅಜ್ಜಿ, ನನ್ನ ಕೆಲಸ ಹೋಯ್ತು."

"ಹರಿಯಿತಾ?"

"ಇಲ್ಲ. ಮೂರೂ ಹರೀಲಿಲ್ಲ. ನನ್ನ ಕೆಲಸ ಹೋಯ್ತು ಅಂದೆ. ಆ ಹುಡುಗಿ ಭುಜ ಬಾತಿದೆ. ಕೇಳಿಸ್ತಾ?"

ಅಜ್ಜಿಯ ಮುಖ ಸಣ್ಣಗಾಯಿತು. "ಆ ಮಗುವಿಗೆ ನೋವಾಗುತ್ತೆ ಅಂತ ನಂಗೆ ಹೊಳೀಲಿಲ್ಲ ಕಣೇ. ದೇವರಾಣೆ ಹೊಳೀಲಿಲ್ಲ."

"ನನಗಾದ್ರೂ ಒಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಹೇಳಲಿಲ್ಲ."

"ನಂಗೂ ಗೊತ್ತಿತ್ತು," ಎಂದಳು ಟೈಲರಮ್ಮ, ಮೆಷಿನ್ನಿನಿಂದ ತಲೆ ಎತ್ತದೆ. "ಬೈಯೋದಿದ್ರೆ ನನ್ನನ್ನೂ ಸೇರಿಸಿ ಬೈ."

ಪುಟ್ಟಿ ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದಳು: ಮರುದಿನ ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲಿಲ್ಲ. ಅದರ ಮರುದಿನವೂ ಇಲ್ಲ. ಅಳಿಯ ಆ ಕೆಲಸಕ್ಕೆ ಕೈ ಹಾಕಿದ. ಒಂದು ಸೂಜಿಗೆ ಐದು ನಿಮಿಷ, ದಾರಕ್ಕೆ ಉಗುಳು ಹಚ್ಚಿ ಹಚ್ಚಿ ಬಾಯಿ ಒಣಗಿತು. "ಇದಕ್ಕಿಂತ ಇಕ್ಕಟ್ಟಿನ ಓಣಿಯಲ್ಲಿ ವ್ಯಾನ್ ತಿರುಗಿಸೋದು ವಾಸಿ," ಎಂದ. ಯಾರೂ ನಗಲಿಲ್ಲ. ಒಂಬತ್ತು ದಿನ ಹೀಗೆ ನಡೆಯಿತು. ಊಟಕ್ಕೆ ಕೂತರೆ ಉಪ್ಪು ಕೊಡು, ನೀರು ಕೊಡು ಎನ್ನುವಷ್ಟೇ ಮಾತು. ಹತ್ತನೇ ದಿನ ಅಜ್ಜಿ ಕುರ್ಚಿಯ ತೋಳನ್ನು ಸವರಿದಾಗ ಹನ್ನೆರಡು ಸೂಜಿಗಳು ಸಾಲಾಗಿ ನಿಂತಿದ್ದವು. ಅವಳು ಒಂದೊಂದನ್ನೇ ಮುಟ್ಟಿ ಎಣಿಸಿದಳು. ಪುಟ್ಟಿ ಅಂದಿನಿಂದ ಅಮ್ಮನ ಎದುರಿನ ಮೆಷಿನ್ನಿಗೆ ಕೂತಳು.

ಐದು ತಿಂಗಳ ಮೇಲೆ ಚಿತ್ರ ಬಂತು. ಬಸ್ ನಿಲ್ದಾಣದ ಗೋಡೆಯ ಮೇಲೆ ನಟನ ಮುಖ, ಒಂದು ಕಣ್ಣಿಗೆ ವಾಚಿನ ಭೂತಗನ್ನಡಿ. ಚೆನ್ನಾಗಿಯೇ ಕಾಣುತ್ತಿದ್ದ. ವ್ಯಾನಿನ ಹುಡುಗರು ಅವನ ನಡಿಗೆ ನಡೆದು ತೋರಿಸುತ್ತಿದ್ದರು. ಭಾನುವಾರ ಬೆಳಗಿನ ಆಟಕ್ಕೆ ಟೈಲರಮ್ಮ ಗಂಡನನ್ನು ಕರೆದುಕೊಂಡು ಹೋದಳು. ಪುಟ್ಟಿ ಬರಲಿಲ್ಲ.

ವಾಪಸು ಬಂದಾಗ ಅಜ್ಜಿ ಕೇಳಿದ್ದು ಒಂದೇ. "ಹರಿದರಾ?"

ಅಳಿಯ ಹೆಂಡತಿಯ ಮುಖ ನೋಡಿದ. ಇಲ್ಲ ಎಂದುಬಿಡು ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ.

"ಹರಿದ್ರು ಅಮ್ಮ," ಎಂದಳು ಟೈಲರಮ್ಮ. "ಬೇರೆ ಕಡೆ ಹೊಲಿಸಿದ್ದಾರೆ. ನಡೆಯೋ ಸೀನಲ್ಲಿ ನಮ್ಮದೇ ಕಾಲರ್, ಎಡಗಡೆ ದುಂಡಗೆ. ಹರಿಯೋ ಸೀನಲ್ಲಿ ಎರಡೂ ತುದಿ ಚೂಪು. ಹರಿದದ್ದು ಅವಳ ಅಂಗಿ ಅಲ್ಲಮ್ಮ. ನಂಗೆ ಕಂಡಿತು."

"ನಿಂಗೆ ಕಂಡಿತು," ಎಂದಳು ಅಜ್ಜಿ. "ಬೀದಿಗೆ?"

ಮನೆಗೆ ಬರುವಾಗ ಬ್ರೆಡ್ಡಿನ ಅಂಗಡಿಯ ಮುಂದೆ ಮಾತು ನಿಂತಿತ್ತು, ದಾಟಿದ ಮೇಲೆ ಶುರುವಾಗಿತ್ತು. ಇಪ್ಪತ್ತಾರು ವರ್ಷದ ಹಿಂದಿನ ಅದೇ ಮೌನ. ಆಗ ಹುಟ್ಟಿರದ ಮಕ್ಕಳೂ ಇವರ ಮನೆ ಕಡೆ ಬೆರಳು ತೋರಿಸುತ್ತಿದ್ದರು.

"ಪುಟ್ಟಿ, ನನ್ನ ಟ್ರಂಕು ತೆಗಿ."

ಕಂದು ಕಾಗದ ಮಡಿಕೆಗಳಲ್ಲಿ ಹರಿದಿತ್ತು. ಒಳಗಿನ ಅಂಗಿಯ ನೀಲಿ ಮಸುಕಾಗಿತ್ತು, ಅಷ್ಟೇ. ಟೈಲರಮ್ಮ ಇಸ್ತ್ರಿ ಕಾಯಿಸಿದಳು. ಪೆಟ್ಟಿಗೆ ಭುಜದ ಮೇಲೆ ಎಲ್ಲೂ ಎಡವದೆ ಸರಿಯಿತು. ಅಳಿಯ ಯಾರೂ ಹೇಳದೆ ವ್ಯಾನಿನಿಂದ ಹಗ್ಗ ತಂದು, ಮುಂಬಾಗಿಲ ಪಕ್ಕದ ಕಿಟಕಿ ಸರಳಿನಿಂದ ಎದುರಿನ ಕಂಬಕ್ಕೆ ಬಿಗಿದು ಕಟ್ಟಿದ. ಪುಟ್ಟಿ ಅಂಗಿಯನ್ನು ಹಗ್ಗಕ್ಕೆ ಹಾಕಿ, ಏಳೂ ಗುಂಡಿ ಹಾಕಿದಳು. ಅಜ್ಜಿಯ ಕುರ್ಚಿಯನ್ನು ಹೊತ್ತು ತಂದು ಪಕ್ಕದಲ್ಲಿಟ್ಟಳು.

"ಯಾರಾದ್ರೂ ಕೇಳಿದ್ರೆ ಅಜ್ಜಿ?"

"ಕೇಳಲಿ ಅಂತ ತಾನೇ ಹಾಕಿರೋದು."

ಮಧ್ಯಾಹ್ನದ ಆಟ ಬಿಟ್ಟು ಜನ ಬರತೊಡಗಿದರು. ಕೆಲವರು ತಲೆ ತಗ್ಗಿಸಿ ಬೇಗ ಬೇಗ ದಾಟಿದರು. ಮೂವರು ಹುಡುಗಿಯರು ಮಾತಾಡುತ್ತಾ ಬಂದವರು ನೀಲಿ ಅಂಗಿ ನೋಡಿ ನಿಂತರು. ಒಬ್ಬಳು ಬಾಯಿಗೆ ಕೈ ಇಟ್ಟುಕೊಂಡಳು.

ಅಜ್ಜಿಗೆ ಬಣ್ಣಗಳು ನಿಂತದ್ದು ಮಾತ್ರ ತಿಳಿಯಿತು. "ಯಾರೋ ನಿಂತ ಹಾಗಾಯ್ತಲ್ಲ ಪುಟ್ಟಿ?"

"ಹೂಂ ಅಜ್ಜಿ. ಮೂರು ಜನ."

"ಅಲ್ಲಿಂದ ಏನು ಕಾಣುತ್ತೆ ಅವರಿಗೆ? ಹತ್ತಿರ ಕರಿ," ಎಂದಳು ಅಜ್ಜಿ. "ಭುಜದ ಹೊಲಿಗೆ ಮುಟ್ಟಿ ನೋಡೋಕೆ ಹೇಳು. ಎಳೆದೂ ನೋಡಲಿ."